ಆ ಮುದುಕಿ ಬೇರೆ!

"ಇನ್ನ ಮ್ಯಾಲೆ ಈ ಪ್ರಭುಲಿಂಗ ಬರೀ ಪಗಾರ ನಂಬಿ ಬದುಕೂ ಮನಷ್ಯಾ ಅಲ್ಲ!" ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಹೆಂಡತಿ ಭಾಗ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮತ್ತೇನ ಮಾಡ್ತೀರಿ?"

"ಆಟ ಆಡ್ತೇನಿ."

ರೊಟ್ಟಿ ಬಡಿಯುವುದು ನಿಂತಿತು.

ನಾನು ಬಿಡಿಸಿ ಹೇಳಿದೆ. ಇದು ಇಸ್ಪೀಟಲ್ಲ, ಮಟಕಾ ಅಲ್ಲ. ಮೊಬೈಲಿನಲ್ಲಿ ವೇಷ ತೊಟ್ಟು ಆಡುವ ಆಟ. ಊರೂರಿನವರು ಕೂಡಿ ಒಂದು ದಂಡು ಕಟ್ಟಿಕೊಂಡು ಕಾಡು, ಗುಡ್ಡ, ಗವಿ ಅಲೆದು ರಾಕ್ಷಸರನ್ನು ಹೊಡೆಯಬೇಕು. ಹೊಡೆದರೆ ಕತ್ತಿ, ಕವಚ, ಒಡವೆ ಸಿಗುತ್ತವೆ. ಅಷ್ಟೆಲ್ಲ ಅಲೆಯಲು ತಾಳ್ಮೆ ಇಲ್ಲದ ಸಾಹುಕಾರರು ಅವನ್ನು ನಮ್ಮಿಂದ ನಿಜವಾದ ರೊಕ್ಕ ಕೊಟ್ಟು ಕೊಳ್ಳುತ್ತಾರೆ!

"ಅಂದ್ರ, ಇಲ್ಲದ ಕತ್ತಿಗೆ ಇದ್ದ ರೊಕ್ಕಾ ಕೊಡ್ತಾರ?"

"ಹೂಂ!"

"ಅಂಥವರೂ ಅದಾರ?"

"ಅದಾರ!"

"ಅವರ ಹೆಂಡ್ರಿಗೆ ಗೊತ್ತೈತೇನು?"

ಇಂಥ ಸಣ್ಣ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಹಗಲೆಲ್ಲ ನಾನು ವಿದ್ಯಾಗಿರಿಯ ಒಂದು ಕಾಲೇಜಿನ ಗುಮಾಸ್ತ. ಕಚೇರಿಯಲ್ಲಿ ನನ್ನ ಮಾತನ್ನು ಫ್ಯಾನೂ ಕೇಳುವುದಿಲ್ಲ. ಆದರೆ ಆಟಕ್ಕಿಳಿದರೆ ನಾನು ಮಹಾದಂಡನಾಯಕ ಪ್ರಚಂಡಸಿಂಹ! ನನ್ನ ಬಲಗೈ ಬಂಟ ರಣಭೈರವ. ಅವನ ಮುಖ ನಾನು ನೋಡಿದವನಲ್ಲ, ಇಯರ್‌ಫೋನಿನಲ್ಲಿ ದನಿ ಮಾತ್ರ ಕೇಳಿದ್ದೆ. "ಹೌದ್ರಿ ಸರ್, ಹೊಡೀತೇನ್ರಿ ಸರ್" ಎಂಬ ಆ ದನಿ ಕೇಳಿದರೆ ನನ್ನ ಎದೆ ಎರಡು ಅಂಗುಲ ಉಬ್ಬುತ್ತಿತ್ತು. ಆವರೆಗೆ ನಾವು ಮಾರಿದ್ದು ಒಂದು ಹಳೇ ಗುರಾಣಿ. ಬಂದ ಹಣ ನನ್ನ ಮೊಬೈಲ್ ರೀಚಾರ್ಜಿಗೆ ಸರಿಹೋಯಿತು. ಇರಲಿ, ಸಾಮ್ರಾಜ್ಯಗಳೆಲ್ಲ ಹೀಗೇ ಶುರುವಾಗುವುದು!

ಅಷ್ಟರಲ್ಲಿ ದೊಡ್ಡ ಗಿರಾಕಿ ಸಿಕ್ಕ. ಆಟದೊಳಗಿನ ಒಂದು ಗವಿಯಲ್ಲಿ ಕುರುಡಿ ಮಾಟಗಾತಿ ಮುದುಕಿಯೊಬ್ಬಳು ಬಂಗಾರದ ಸರವನ್ನು ಕಾಯುತ್ತ ಮಲಗಿರುತ್ತಾಳೆ. ಆ ಸರ ತಂದುಕೊಟ್ಟರೆ ಎಂಟು ಸಾವಿರ ಕೊಡುತ್ತೇನೆಂದು ಪುಣೆಯವನೊಬ್ಬ ಒಪ್ಪಿದ. ದಾಳಿಗೆ ಭಾನುವಾರ ಮಧ್ಯಾಹ್ನದ ಮುಹೂರ್ತ ಇಟ್ಟೆ.

ಅದೇ ವಾರ ನಮ್ಮ ಅತ್ತೆ ರಂಗವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೇವೂರಿನಿಂದ ಬಂದಿದ್ದರು. ಕುರಿ ಕಾಯ್ದು ಮಕ್ಕಳನ್ನು ಬೆಳೆಸಿದ ಗಟ್ಟಿ ಹೆಣ್ಣುಮಗಳು. ನನ್ನನ್ನು ಕಂಡರೆ ಬಹಳ ಅಂತಃಕರಣ. ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಮಲಗಿದ್ದರು. ದವಾಖಾನೆಯಲ್ಲಿ ಕೊರಳಿನಿಂದ ತೆಗೆಸಿದ್ದ ಅವರ ಬಂಗಾರದ ಬೋರಮಾಳ ಸರವನ್ನು ಭಾಗ್ಯಾ ನನ್ನ ಕೋಣೆಯ ಕಪಾಟಿನಲ್ಲಿಟ್ಟಿದ್ದಳು.

ಭಾನುವಾರ ಭಾಗ್ಯಾ ಕಣ್ಣಿನ ಔಷಧ ತರಲು ಹೊರಟಳು. ನಾನು ಕೋಣೆ ಸೇರಿ, ಇಯರ್‌ಫೋನ್ ಚುಚ್ಚಿಕೊಂಡು ಯುದ್ಧ ಸಾರಿದೆ. ದಂಡಿನ ಮಾತೆಲ್ಲ ನನ್ನ ಕಿವಿಯೊಳಗೆ; ಮನೆಗೆ ಕೇಳುತ್ತಿದ್ದದ್ದು ನನ್ನ ಗರ್ಜನೆ ಮಾತ್ರ.

"ಮುದುಕಿ ಮಲಗ್ಯಾಳ! ಇದ ಚಲೋ ಟೈಮ್!"

"ಹೆದರಬ್ಯಾಡಲೇ, ಆಕಿಗೆ ಕಣ್ಣ ಕಾಣಂಗಿಲ್ಲ! ಹಿಂದಿನಿಂದ ಹೋಗಿ ಮುಗಿಸಿಬಿಡು!"

"ಬಂಗಾರ ಎಲ್ಲೈತಂತ ನನಗ ಗೊತ್ತೈತಿ. ಸಂಜೀಕೇ ಮಾರಿಬಿಡ್ತೇನಿ. ನನ್ನ ಹೇಂತಿ ಬರೂದ್ರಾಗ ಕೆಲಸ ಮುಗೀಬೇಕು!"

ಗವಿಯ ಬಾಗಿಲು ಮುರಿಯುವ ಹೊತ್ತಿಗೆ ಭಾಗ್ಯಾ ಬಂದು ನನ್ನ ಭುಜ ಅಲುಗಾಡಿಸಿದಳು. "ಯವ್ವ ಎಲ್ಲಿ?"

ಹಾಸಿಗೆ ಖಾಲಿ! ಚೀಲ ಇಲ್ಲ, ಚಪ್ಪಲಿ ಇಲ್ಲ! ಬೀದಿಗೆ ಓಡಿದರೆ ನಮ್ಮ ಓಣಿಯ ಆಟೋದ ಖಾಸಿಂಸಾಬ ಆಗಷ್ಟೇ ತಿರುಗಿ ಬರುತ್ತಿದ್ದ.

"ಅಜ್ಜಿನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟ ಬಂದೆರಿ ಅಕ್ಕಾರ. 'ಅಳಿಯಾ ಕೊಲ್ಲಾಕ ನಿಂತಾನ, ಗಾಡಿ ಲಗೂನ ಹೊಡಿಯಪ್ಪಾ' ಅಂದ್ರು." ಹೇಳುತ್ತಲೇ ನನ್ನ ಕೈಯಲ್ಲಿ ಏನಾದರೂ ಇದೆಯೇ ಎಂದು ನೋಡಿದ. ಮೊಬೈಲಿತ್ತು.

ನಾನು ಕೂಗಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಕಣ್ಣು ಕಾಣದ ಜೀವ, ಒಬ್ಬರೇ ಹೋಗಿದ್ದಾರೆ! ಭಾಗ್ಯಾಳನ್ನು ಖಾಸಿಂಸಾಬ ಕೂಡಲೇ ಹತ್ತಿಸಿಕೊಂಡ. ನನ್ನನ್ನು ಹತ್ತಿಸಿಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿದ.

ಅತ್ತೆ ಬೇವೂರಿನ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. ಬಸ್ಸಿಗೆ ಬಸ್ಸೇ ಕಥೆ ಕೇಳಿಯಾಗಿತ್ತು. ನಾನು ಹತ್ತುತ್ತಲೇ ಕಂಡಕ್ಟರ್ ಅಡ್ಡ ನಿಂತ. "ನೀವ ಏನ್ರಿ ಅಳಿಯಾ?"

"ನಾನ! ಆದ್ರ ನಾ ಹೇಳಿದ್ದು ಈ ಮುದುಕೀಗಲ್ಲರಿ! ಆ ಮುದುಕಿ ಬ್ಯಾರೆ!"

"ಯವ್ವಾ ಯವ್ವಾ! ಇನ್ನೊಬ್ಬಾಕಿನ್ನೂ ಹುಡಿಕ್ಯಾನ!" ಎಂದಳು ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಣ್ಣುಮಗಳು.

"ಹಂಗಲ್ಲರಿ! ಆಕಿನ್ನ ದಿನಾ ಹೊಡೀತಾರ್ರಿ! ಸತ್ರೂ ಮತ್ತ ಎದ್ದ ಬರ್ತಾಳ!"

ಹಿಂದಿನ ಸೀಟಿನ ಇಬ್ಬರು ಎದ್ದು ನಿಂತರು.

ಆಗ ಅತ್ತೆ ಮೆಲ್ಲಗೆ ಅಂದರು: "ಬೋರಮಾಳ ಬೇಕಿದ್ರ ಕೇಳಬೇಕಾಗಿತ್ತಲ್ಲೋ ಪ್ರಭು. ನಾ ಒಲ್ಲೆ ಅಂತಿದ್ನೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನಾನು ಅವರ ಕಾಲ ಬಳಿಯೇ ಕೂತುಬಿಟ್ಟೆ. ಕಪ್ಪು ಕನ್ನಡಕದ ಕೆಳಗಿನಿಂದ ಒಂದು ಹನಿ ಇಳಿಯಿತು. "ಯವ್ವಾ, ಅಳಬ್ಯಾಡ! ಡಾಕ್ಟರ್ ಅಳಬಾರ್ದಂದಾರ!" ಎಂದು ಭಾಗ್ಯಾ ತಾನೇ ಅತ್ತಳು.

ಸಾಕ್ಷಿಗೆಂದು ಮೊಬೈಲಿನಿಂದ ಇಯರ್‌ಫೋನ್ ಕಿತ್ತು ಎಲ್ಲರೆದುರು ಹಿಡಿದೆ. ಆಟ ಇನ್ನೂ ನಡೆದೇ ಇತ್ತು. ರಣಭೈರವನ ದನಿ ಬಸ್ಸೆಲ್ಲ ತುಂಬಿತು: "ಸರ್, ಎಲ್ಲಿ ಹೋದ್ರಿ? ಮುದುಕಿ ಎದ್ದಾಳ! ಹೊಡೀಲೇನ್ರಿ?"

"ಕೇಳಿದ್ರೇನು ಅತ್ತೀ? ಇದು ಆಟರಿ! ಈ ಮುದುಕಿ ಚಿತ್ರದಾಕಿ!"

ಪ್ರಯಾಣಿಕರು ಪರದೆಗೆ ಮುಖವಿಟ್ಟು ನೋಡಿದರು. "ಖರೇನರಿ ಅಜ್ಜಿ, ಗೊಂಬಿ ಐತಿ" ಎಂದು ಕಂಡಕ್ಟರ್ ತೀರ್ಪು ಕೊಟ್ಟ. ಅತ್ತೆಗೆ ಅವನ ತೀರ್ಪು ಸಾಲಲಿಲ್ಲ. ದನಿ ಬಂದ ಕಡೆ ಬಾಗಿ ತಾವೇ ವಿಚಾರಣೆಗಿಳಿದರು.

"ಯಾರಪ್ಪಾ ನೀ?"

"ರಣಭೈರವರಿ!"

"ಮನ್ಯಾಗ ಏನಂತಾರ?"

ದನಿ ಇಳಿಯಿತು. "ಹಣಮೇಶರಿ ಅಮ್ಮಾ. ಇಳಕಲ್ಲರಿ. ಸೀರಿ ಅಂಗಡ್ಯಾಗ ಅದೇನ್ರಿ."

"ಊಟ ಆತೇನು?"

"ಇಲ್ಲರಿ. ಮುದುಕಿನ್ನ ಹೊಡದ ಮ್ಯಾಲೆ ಅಂತ..."

"ಸುಡ್ಲಿ ಆ ಮುದುಕಿನ್ನ, ಮೊದಲ ಉಣ್ಣು. ಮದಿವಿ ಆಗೇತಿ?"

"ನನಗ್ಯಾರ ಹೆಣ್ಣ ಕೊಡ್ತಾರ್ರಿ ಅಮ್ಮಾ..." ಮಹಾವೀರ ರಣಭೈರವನ ದನಿ ನಡುಗಿತು. "ಅವ್ವ ಇಲ್ಲರಿ. ನೋಡವರೂ ಯಾರೂ ಇಲ್ಲರಿ."

ಗವಿಯಲ್ಲಿ ಮಾಟಗಾತಿ ಎರಡೂ ಕೈ ಎತ್ತಿದಳು. "ಹಣಮೇಶಾ, ಗುರಾಣಿ!" ಎಂದು ನಾನು ಚೀರಿದೆ.

"ಸುಮ್ಮನಿರೋ ಪ್ರಭು, ಹುಡುಗ ಕಷ್ಟಾ ಹೇಳಾಕತ್ತಾನ!" ಎಂದು ಅತ್ತೆ ಗದರಿದರು.

ಧಗ್ಗೆಂದಿತು! ನನ್ನ ದಂಡು ಬೂದಿ! ನನ್ನ ಕತ್ತಿ, ಕವಚ, ಎಂಟು ಸಾವಿರದ ಆಸೆ ಎಲ್ಲ ಬೂದಿ! ಬಸ್ಸಿನವರೆಲ್ಲ "ಅಯ್ಯ ಪಾಪ" ಎಂದರು. ನನಗಲ್ಲ, ಅವ್ವ ಇಲ್ಲದ ಹಣಮೇಶನಿಗೆ.

ಅತ್ತೆ ನನ್ನ ತಲೆ ಸವರಿ, "ಮೊದಲ ಹೇಳಬಾರ್ದೇನೋ ಹುಚ್ಚಪ್ಪಾ" ಎಂದು ನಕ್ಕು ಬಸ್ಸಿಳಿದರು. ಇಳಿಯುವ ಮುಂಚೆ ಹಣಮೇಶನ ನಂಬರು ಕೇಳಿ ನನ್ನ ಕೈಯಿಂದಲೇ ಬರೆಸಿಕೊಂಡರು.

ವಾರ ಕಳೆದ ಮೇಲೆ ಹೊಸ ಕತ್ತಿ ಹಿಡಿದು ಗವಿಯ ಮುಂದೆ ನಿಂತೆ. ಒಬ್ಬ ಬಂಟನೂ ಬರಲಿಲ್ಲ. ಹಣಮೇಶನಿಗೆ ಫೋನ್ ಮಾಡಿದೆ.

"ಆಟ ತೆಗದ ಹಾಕೀನ್ರಿ ಸರ್. ಅಮ್ಮಾರು ಬ್ಯಾಡಂದಾರ. ಬಾದಾಮಿ ಕಡೆ ಹೆಣ್ಣ ನೋಡ್ಯಾರಂತ್ರಿ!"

"ಲೇ, ನಾ ನಿನ್ನ ದಂಡನಾಯಕಲೇ!"

"ಹೌದ್ರಿ ಸರ್. ಅದನ್ನ ಹೆಣ್ಣಿನವರ ಮುಂದ ಹೇಳಬ್ಯಾಡ್ರಿ ಸರ್."

ಫೋನಿಟ್ಟೆ. ನಡುಮನೆಯಲ್ಲಿ ಅತ್ತೆ ಆಗಲೇ ಬಾದಾಮಿಯ ಹೆಣ್ಣಿನವರೊಂದಿಗೆ ಫೋನಿನಲ್ಲಿ ಮಾತಿಗೆ ಕೂತಿದ್ದರು. ನನಗೆ ಕೇಳದಿರಲೆಂದು ದನಿ ತಗ್ಗಿಸಿದ್ದರು, ಆದರೆ ಕುರಿಗಳನ್ನು ಕರೆದು ರೂಢಿಯಾದ ದನಿ ಎಷ್ಟು ತಗ್ಗೀತು?

"ಹುಡುಗ ಭಾಳ ಸಂಭಾವಿತ ಅದಾನ್ರೆವ್ವಾ. ಕಣ್ಣ ಮುಚ್ಚಿ ಕೊಡ್ರಿ. ಇಷ್ಟ ದಿನಾ ನಮ್ಮ ಅಳಿಯನ ಕೈಕೆಳಗ ಇದ್ದ. ಅಷ್ಟಾದ್ರೂ ಕೆಟ್ಟಿಲ್ಲ ನೋಡ್ರಿ!"