ನಾಲ್ವರು ಕೂತರೆ ಮಾತ್ರ ಸಮವಾಗಿ ನಿಲ್ಲುವ ಟ್ರೈಲರ್ ಕೊಂಡಿಯ ಕುರಿತು

ಟ್ರೈಲರ್ ಕೊಂಡಿಗಳ ಆಯ್ಕೆ ಹಾಗೂ ಜೋಡಣಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ ತಮ್ಮ ವಿಭಾಗದ ಸಮಸ್ತ ನಟ್ಟು-ಬೋಲ್ಟುಗಳಿಗೂ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯವನ್ನು ಒಂದು ಕಬ್ಬಿಣದ ಗುಂಡಿನ ಸಲುವಾಗಿ ತೆಗೆದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಆದರೆ ಗುಂಡು ತಮ್ಮದೇ.

ಬಹುಕಾಲ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಪರರ ಬಾಯಿರುಚಿಗೆ ಬೇಯಿಸಿ ಸಾಕಾದ ನನ್ನ ನಾದಿನಿ, ಚಕ್ರದ ಮೇಲೊಂದು ಬಾರ್ಬೆಕ್ಯೂ ಒಲೆ ಕಟ್ಟಿಸಿಕೊಂಡು, ಅದನ್ನು ತನ್ನ ಪಿಕಪ್ ಗಾಡಿಗೆ ಸಿಕ್ಕಿಸಿ ಊರೂರಿನ ಸಂತೆಗೆ ಒಬ್ಬಳೇ ಹೋಗಬೇಕೆಂದು ತಮ್ಮಲ್ಲಿಗೆ ಬಂದದ್ದು ತಮಗೆ ನೆನಪಿರಬಹುದು. 'ಒಬ್ಬಳೇ' ಎಂಬುದನ್ನು ಅವಳು ಒತ್ತಿ ಹೇಳಿದಳು. ನಾವು ಮನೆಯವರೆಲ್ಲ ಅವಳ ಜೊತೆಗೇ ಬಂದಿದ್ದರಿಂದ ಅದು ನಮಗೂ ಸ್ಪಷ್ಟವಾಗಿ ಕೇಳಿಸಿತು.

ತಾವು ಸಹನೆಯಿಂದ ಮೂರು ಬಗೆಯ ಕೊಂಡಿ ತೋರಿಸಿದಿರಿ: ಬಳೆಯನ್ನು ಕೊಕ್ಕೆಗೆ ಸಿಕ್ಕಿಸುವುದು, ಟ್ರೈಲರಿನ ಮೂತಿ ಬಂದು ಕೂರುವ, ಬೋಲ್ಟು ಬಿಚ್ಚಿ ಎತ್ತರ ಬದಲಿಸಬಹುದಾದ ಗುಂಡು, ಮತ್ತು ಬೆಸುಗೆ ಹಾಕಿಬಿಟ್ಟ ಗುಂಡು. ನಾದಿನಿ ಎರಡನೆಯದನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು. ಕೊಕ್ಕೆ ದಾರಿಯುದ್ದಕ್ಕೂ ಲಟಲಟ ಎನ್ನುತ್ತದೆಂದು ಮಾವನವರು ತೀರ್ಪು ಕೊಟ್ಟರು. ಬೋಲ್ಟಿನದರ ಬಗ್ಗೆ ನನ್ನ ಗಂಡ, "ಮೇಲೆ ಕೆಳಗೆ ಆಡೋದು ಒಂದಿನ ಕಳಚ್ಕೊಳ್ಳುತ್ತೆ ಕಣೇ, ನಿಂಗೇನು ಗೊತ್ತು" ಎಂದರು; ಅವರಿಗೇನು ಗೊತ್ತು ಎಂಬುದನ್ನು ಯಾರೂ ಕೇಳಲಿಲ್ಲ. "ಬೆಸುಗೆ ಹಾಕಿದ್ದೇ ಗಟ್ಟಿ, ಸಂಸಾರದ ಥರ" ಎಂದು ಅತ್ತೆ ಮಾತು ಮುಗಿಸಿದರು. ಮದುವೆ ಮುರಿದುಕೊಂಡು ಬಂದಿರುವ ನಾದಿನಿ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟಳು. ಮೂರೂ ಚೆನ್ನಾಗಿವೆ ಎಂದೆ ನಾನು. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಆಮೇಲೆ ಅಳತೆ. ತಮ್ಮ ಅಂಗಳದಲ್ಲಿ ಕೂರಲು ಬೇರೆ ಜಾಗವಿಲ್ಲದ್ದರಿಂದ ಅತ್ತೆ, ಮಾವ, ನನ್ನ ಗಂಡ ಮತ್ತು ನಾನು ಪಿಕಪ್ಪಿನ ಹಿಂಭಾಗವನ್ನೇರಿ ಕುಳಿತಿದ್ದೆವು. ಟೇಪು ಹಿಡಿದು ಬಂದ ತಮ್ಮ ಮೇಸ್ತ್ರಿ, ಇಳಿಯಹೊರಟ ಅತ್ತೆಯನ್ನು ತಡೆದು, "ಕೂತ್ಕೊಳ್ಳಿ ಅಮ್ಮ, ನಂದೇನು, ಬರೀ ಅಳತೆ ತಾನೇ" ಎಂದರು. ಇಂಥ ಸೌಜನ್ಯವನ್ನು ನಾನು ಬೇರೆ ಯಾವ ವರ್ಕ್‌ಶಾಪಿನಲ್ಲೂ ಕಂಡಿಲ್ಲ. ನಮ್ಮ ಭಾರಕ್ಕೆ ತಗ್ಗಿದ್ದ ಗಾಡಿಯ ಎತ್ತರವನ್ನು ಅವರು ಭಕ್ತಿಯಿಂದ ಅಳೆದು, ಗುಂಡನ್ನು ಶಾಶ್ವತವಾಗಿ ಬೆಸೆದರು. ನಾವು ಇಳಿದೆವು. ಗಾಡಿ ಎದ್ದು ನಿಂತಿತು, ಅದರ ಜೊತೆಗೆ ಗುಂಡೂ.

ಅಂದಿನಿಂದ ಒಲೆಯ ಮೂತಿ ಆಕಾಶ ನೋಡುತ್ತಿದೆ. ಮಾಂಸದಿಂದ ಕರಗಿದ ಕೊಬ್ಬು ಮುಂದಿನ ಬಕೆಟ್ಟಿಗೆ ಇಳಿಯುವ ಬದಲು ಹಿಂದಿನ ಕೆಂಡಕ್ಕೆ ಹರಿಯುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದನ್ನು ನಾವು ಇಷ್ಟು ದಿನ ಮನೆಯೊಳಗೆ ಮಾತ್ರ ಮಾಡುತ್ತಿದ್ದೆವು. ಒಲೆಯನ್ನು ಗಾಡಿಯಿಂದ ಬಿಚ್ಚಿ ನೆಲದ ಮೇಲೆ ಸಮ ಮಾಡೋಣವೆಂದರೆ, ಬಿಚ್ಚಿದ ಕ್ಷಣ ಅದು ಸಂಚಾರಿ ಒಲೆಯಲ್ಲ, ಅಂಗಡಿ, ಅದಕ್ಕೆ ಬೇರೆಯೇ ಪರವಾನಗಿ ಬೇಕು ಎಂದು ಸಂತೆಯ ಅಧಿಕಾರಿಗಳ ನಿಯಮ. ನಾದಿನಿ ಪಿಕಪ್ಪಿನ ಹಿಂಭಾಗದಲ್ಲಿ ಮರಳಿನ ಚೀಲ ಹೇರಿ ನೋಡಿದಳು, ಕೊಬ್ಬು ಸರಿದಾರಿಗೆ ಬಂತು. ಮಾವನವರಿಗೆ ಮಾತ್ರ ನೋವಾಯಿತು: "ನಾವಿರೋವಾಗ ಮರಳು ಯಾಕಮ್ಮ?"

ಹಾಗಾಗಿ ಈಗ ಎಲ್ಲ ಸಂತೆಗೂ ನಾವು ನಾಲ್ವರೂ ಹೋಗಿ ಹಿಂದೆ ಕೂರುತ್ತೇವೆ. ಅಲ್ಲಿಂದಲೇ ಉಪ್ಪು ಹೆಚ್ಚೆನ್ನುತ್ತೇವೆ, ಗಿರಾಕಿಗಳಿಗೆ ಅವಳ ಮದುವೆಯ ಕಥೆ ಹೇಳುತ್ತೇವೆ. ಚಹಾಕ್ಕೆಂದು ಯಾರಾದರೂ ಇಳಿದರೆ ಒಲೆ ಭುಗಿಲೆನ್ನುತ್ತದೆ. ಮುಂದಿನ ವಾರ ಕೆರೆದಂಡೆಯ ದೊಡ್ಡ ಸಂತೆಯಲ್ಲಿ ಅವಳಿಗೆ ಜಾಗ ಸಿಕ್ಕಿದೆ. ಅತ್ತೆ ಆಗಲೇ ದಿಂಬು ಕಟ್ಟಿದ್ದಾರೆ. ಈ ಸಲವೂ ನಾವು ಬಂದರೆ ಒಲೆಯನ್ನು ಮಾರಿಬಿಡುತ್ತೇನೆಂದು ನಾದಿನಿ ನನ್ನೊಬ್ಬಳಿಗೆ ಹೇಳಿದ್ದಾಳೆ, ಅದೂ ನಗುತ್ತಾ. ಆ ನಗು ನನಗೆ ಹಿಡಿಸಲಿಲ್ಲ.

ಆದ್ದರಿಂದ ತಾವು ದಯಮಾಡಿ ತಮ್ಮ ಕೈಪಿಡಿಯಲ್ಲಿ ಪ್ರತಿ ಕೊಂಡಿಯ ಎದುರು ಅದಕ್ಕೆ ತಗಲುವ ಬಂಧುಗಳ ಸಂಖ್ಯೆಯನ್ನು ಮುದ್ರಿಸಬೇಕು. ತಮ್ಮ ಮೇಸ್ತ್ರಿಗೆ ಹಿರಿಯರನ್ನು ಗಾಡಿಯಿಂದ ಇಳಿಸುವ ವಿದ್ಯೆಯಲ್ಲಿ ತರಬೇತಿ ಕೊಡಿಸಬೇಕು. ಸಾಧ್ಯವಾದರೆ ನಮ್ಮನ್ನು ಕೊಂಡಿಯ ಬಿಡಿಭಾಗಗಳೆಂದು ಪರಿಗಣಿಸಿ ವಾರಂಟಿಯಲ್ಲಿ ಹಿಂದಕ್ಕೆ ಪಡೆಯಬೇಕು. ಇದಾವುದೂ ಆಗದಿದ್ದರೆ, ಬೆಸುಗೆ ಕತ್ತರಿಸಿ, ಅವಳು ಅಂದು ಕೈಯಲ್ಲಿ ಹಿಡಿದಿದ್ದುದನ್ನೇ ಕೂರಿಸಿಕೊಟ್ಟರೆ ಸಾಕು. ಸಂತೆಯ ದಿನ ಮೂವರನ್ನೂ ಮನೆಯಲ್ಲಿ ಹಿಡಿದಿಡುವ ಹೊಣೆ ನನ್ನದು.

ತಮ್ಮ ವಿಶ್ವಾಸಿ,
ಹಾಗೂ ಸದ್ಯಕ್ಕೆ ತಮ್ಮ ಕೊಂಡಿಯ ಕಾಲುಭಾಗ ಭಾರ

ಮರೆತ ಮಾತು: ಹೊಸ ಕೊಂಡಿಯ ಎತ್ತರ ನೋಡಲು ಎಲ್ಲರೂ ಬಂದು ಕೂರಬೇಕೇ ಎಂದು ನನ್ನ ಗಂಡ ಕೇಳುತ್ತಿದ್ದಾರೆ. ಬೇಡವೆಂದು ನಾದಿನಿ ಹೇಳಿದ್ದಾಳೆ. ತಾವೂ ಅದನ್ನೇ ಬರೆದು, ಯಾರಾದರೊಬ್ಬ ಗಂಡಸಿನ ಸಹಿ ಹಾಕಿಸಿ, ಮೊಹರು ಒತ್ತಿ ಕಳುಹಿಸಿ. ನಮ್ಮ ಮನೆಯಲ್ಲಿ ಅವಳ ಮಾತು ಹಾಗೆ ಬಂದರೇನೇ ನಿಲ್ಲುವುದು.