ಶಿರಾ ಮೇಲಿಂದ ಪಾವಗಡಕ್ಕೆ

ನನಗೆ ಮುಂದಾಲೋಚನೆ ಜಾಸ್ತಿ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಕೈಯಲ್ಲಿ ಛತ್ರಿ. ಛತ್ರಿ ಕೈಕೊಟ್ಟರೆ ಇರಲಿ ಎಂದು ಕಂಕುಳಲ್ಲಿ ಗೋಣಿಚೀಲ. ಆ ಗೋಣಿಚೀಲದ ದೆಸೆಯಿಂದ ನನ್ನ ಹೆಂಡತಿ ನನ್ನ ಜೊತೆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಳು. ಇಂಥವನು ಎಪ್ಪತ್ತರ ದಶಕದ ಕೊನೆಯಲ್ಲಿ ಮಧುಗಿರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಆಗ ಬೇರೆ ಊರಿಗೆ ಮಾತಾಡಬೇಕಾದವರು ನಮ್ಮಲ್ಲಿಗೆ ಬಂದು ಟ್ರಂಕ್ ಕಾಲ್ ಬರೆಸಿ ಕಾಯಬೇಕು. ನಾವು ಬೋರ್ಡಿನ ಮುಂದೆ ಕೂತು ಒಂದು ಲೈನಿನಿಂದ ಇನ್ನೊಂದಕ್ಕೆ ವೈರು ಚುಚ್ಚಿ ಮಾತು ದಾಟಿಸಬೇಕು. ಪಾವಗಡದ ಲೈನಂತೂ ಜೋರಾಗಿ ಗಾಳಿ ಬೀಸಿದರೆ ಸಾಕು, ಸತ್ತುಹೋಗುತ್ತಿತ್ತು. ನಾನು ಬಿಡುತ್ತೇನೆಯೇ? ‘ಪಾವಗಡ ಸತ್ತರೆ ಶಿರಾ ಮೇಲೆ’ ಎಂದು ಮೊದಲೇ ಚೀಟಿ ಬರೆದು ಬೋರ್ಡಿಗೆ ಅಂಟಿಸಿದ್ದೆ. ಲೈನು ಕೆಟ್ಟ ಮೇಲೆ ದಾರಿ ಹುಡುಕುವ ಪೈಕಿಯವನಲ್ಲ ನಾನು.

ಒಂದು ಬೆಳಿಗ್ಗೆ ಗಂಗಮ್ಮ ಎಂಬ, ಕುರಿ ಸಾಕುವ ಮನೆಯ ಹೆಂಗಸು ಏದುಸಿರು ಬಿಡುತ್ತ ಬಂದರು. ಮಗಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತ್ತು, ಚೊಚ್ಚಲು. ಅಳಿಯ ಪಾವಗಡದಲ್ಲಿ. ಮಧ್ಯಾಹ್ನ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೊರಟನೆಂದರೆ ಮೂರು ತಿಂಗಳು ಅವನ ಪತ್ತೆಯಿರುವುದಿಲ್ಲ. ಅವನು ಬರುತ್ತಾನೆಂದು ತಿಳಿಯುವವರೆಗೆ ಗಂಜಿ ಮುಟ್ಟುವುದಿಲ್ಲವೆಂದು ಬಾಣಂತಿ ಹಟ ಹಿಡಿದಿದ್ದಳಂತೆ. ಅವನ ಮನೆ ಎದುರಿನ ದಿನಸಿ ಅಂಗಡಿಯಲ್ಲಿ ಫೋನಿತ್ತು.

ಪಾವಗಡದ ಲೈನು ಸತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಗಂಗಮ್ಮನನ್ನು ಬೂತಿನೊಳಗೆ ಕೂರಿಸಿ, ಬಾಗಿಲು ಹಾಕಿ, ಬೂತಿನ ಲೈನನ್ನು ಶಿರಾಕ್ಕೆ ಚುಚ್ಚಿದೆ. ಅಲ್ಲಿನ ಆಪರೇಟರ್ ಈಗಲೇ ಕೊಡುತ್ತೇನೆಂದರು. ಸ್ವಲ್ಪ ಹೊತ್ತಿಗೆ ಶಿರಾದ ಇನ್ನೊಂದು ಲೈನಿನಲ್ಲಿ ಯಾವುದೋ ಹೆಂಗಸಿನ ದನಿ, ಪಾವಗಡ ಬೇಕು, ಅರ್ಜೆಂಟು ಎಂದು. ಯಾರಿಗೆ ತಾನೆ ಅರ್ಜೆಂಟಿಲ್ಲ? ನಿಮಗಿಂತ ಮೊದಲು ಒಬ್ಬ ಬಾಣಂತಿಯ ತಾಯಿ ಕಾಯುತ್ತಿದ್ದಾರೆ, ಅವರದು ಮುಗಿಯಲಿ ಎಂದು ಗದರಿಸಿದೆ. ಪಾಪ, ಆಕೆ ಎದುರಾಡದೆ ಒಪ್ಪಿಕೊಂಡರು. ಲೋಕದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಎಂದುಕೊಂಡೆ.

ಅರ್ಧ ಗಂಟೆಯ ಮೇಲೆ ಗಂಗಮ್ಮ ಬೂತಿನಿಂದ ಹೊರಗೆ ಬಂದರು. "ಸೋಮಿ, ನಿಮ್ಮಂಗೇ ಮಾತಾಡೋರು ಯಾರೋ, ಮೊದ್ಲು ಬಾಣಂತಿ ತಾಯಿಗೆ ಕೊಡ್ಬೇಕು ಅಂದ್ರು. ಪಾಪ ಅಂತ ಸುಮ್ಕಾದೆ. ಆಮ್ಯಾಕೆ ನೆಪ್ಪಾತು, ನಾನೂ ಬಾಣಂತಿ ತಾಯೇ ಅಲ್ವಾ?"

ಮತ್ತೆ ವೈರು ಚುಚ್ಚಿದೆ. ಶಿರಾದವರನ್ನು ಕೇಳಿದರೆ, ಅವರ ಪಾವಗಡದ ಲೈನೂ ಸತ್ತಿತ್ತು, ಅವರೂ ನನ್ನಷ್ಟೇ ಮುಂದಾಲೋಚನೆಯವರು. ಅವರ ಬೋರ್ಡಿನ ಮೇಲೂ ಒಂದು ಚೀಟಿಯಿತ್ತು: ‘ಪಾವಗಡ ಸತ್ತರೆ ಮಧುಗಿರಿ ಮೇಲೆ.’ ಗಂಗಮ್ಮನ ಕರೆ ಶಿರಾ ನೋಡಿಕೊಂಡು ವಾಪಸು ನನ್ನ ಬಳಿಗೇ ಬಂದಿತ್ತು. ಆಕೆ ತನ್ನ ಸರದಿಯನ್ನು ತನಗೇ ಬಿಟ್ಟುಕೊಟ್ಟು ಕೂತಿದ್ದರು. ನಾನು ತಡವರಿಸುತ್ತ ಇದನ್ನೆಲ್ಲ ವಿವರಿಸಿದೆ.

"ಅವ್ರು ಯಾವ ಕಡೆಯಿಂದ ಕಳಿಸ್ತಾರೆ ಅಂತ ಮೊದ್ಲು ಕೇಳ್ಲಿಲ್ವಾ ಸೋಮಿ? ನಾವು ಕುರಿ ಹೊಡ್ಕಂಡು ಹೋಗ್ವಾಗ ದಾರಿ ಕಟ್ಟೋದ್ರೆ ಅದನ್ನೇ ಕೇಳೋದು. ನಾವು ಬಂದಿರೋ ಕಡೀಗೇ ತಿರುಗಿಸೋನ ಹಿಂದೆ ಹೋದ್ರೆ ಕುರಿ ಸಾಯ್ತವೆ. ಹಿಂದೂಪುರದ ಮ್ಯಾಲೆ ಹೋಗಾಕಿಲ್ವಾ ನಿಮ್ ತಂತಿ?"

ಹೋಗುತ್ತಿತ್ತು. ಹಿಂದೂಪುರದವರನ್ನು ಹಿಡಿದು, ಈ ಸಲ ಮೊದಲು ಅದನ್ನೇ ಕೇಳಿದೆ. ನೇರ ಲೈನಿದೆ ಎಂದು ತೆಲುಗಿನಲ್ಲಿ ಹೇಳಿದರು. ಅಂಗಡಿಯವರು ಓಡಿಹೋಗಿ, ಆಗಲೇ ಊರಾಚೆ ಸೇರಿದ್ದ ಅಳಿಯನನ್ನು ಕರೆತಂದರು. ಅವನು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತುತ್ತೇನೆಂದ. ಗಂಗಮ್ಮ ಕಣ್ಣೊರೆಸಿಕೊಂಡು, ಗಂಜಿ ಕುಡಿಸಬೇಕು ಎಂದು ಆಸ್ಪತ್ರೆಗೆ ಓಡಿದರು.

ಮುಂದಿನ ತಿಂಗಳು ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಬೋರ್ಡಿನ ಮೇಲಿನ ಹೊಸ ಚೀಟಿಯನ್ನು ಎರಡು ಸಲ ಓದಿದರು: ‘ಬದಲಿ ದಾರಿ ಹಿಡಿಯುವ ಮುನ್ನ, ಅವರು ಯಾವ ದಾರಿಯಲ್ಲಿ ಕಳಿಸುತ್ತಾರೆಂದು ಕೇಳುವುದು.’ ಭಲೇ ಎಂದು ನನ್ನ ಬೆನ್ನು ತಟ್ಟಿ, ಇದನ್ನು ಯಾವ ಟ್ರೈನಿಂಗಿನಲ್ಲಿ ಕಲಿತಿರಿ ಎಂದರು. ನಾನು ತಲೆ ತಗ್ಗಿಸಿ, ಬಹಳ ವರ್ಷಗಳ ಅನುಭವ ಸಾರ್ ಎಂದೆ. ಯಾರ ಅನುಭವ ಎಂದು ಅವರು ಕೇಳಲಿಲ್ಲ.