ಕುಡಿ ಅಂದ ಸೈಕಲ್ಲು

ನಮ್ಮ ಸೋದರಮಾವನಿಗೆ ಸೈಕಲ್ ಹೊಡೆಯುವುದಕ್ಕಿಂತ ಅದಕ್ಕೆ ಒಡವೆ ಹಾಕುವುದೇ ಇಷ್ಟ. ಹೌದು, ಒಡವೆಯೇ! ಆಂಧ್ರದ ಗಡಿಯೂರಾದ ಇಡೀ ರಾಯದುರ್ಗದಲ್ಲಿ ಮದುವಣಗಿತ್ತಿಯ ಮೈಮೇಲೂ ಅಷ್ಟು ಹೊಳೆಯುವ ಸಾಮಾನು ನಾನು ಕಂಡಿಲ್ಲ. ಮುಂದೆ ಚಾರ್ಜ್ ಮಾಡುವ ಲೈಟು, ಹಿಂದೆ ಮಿಣುಕುವ ಕೆಂಪು ಲೈಟು, ವೇಗ ತೋರಿಸುವ ಪುಟ್ಟ ಪರದೆ, ಎರಡೂ ಕಡೆ ಕನ್ನಡಿ, ಫೋನಿಗೊಂದು ಸ್ಟ್ಯಾಂಡು, ನೀರಿನ ಬಾಟಲಿ. ಇವುಗಳ ನಡುವೆ ಸೈಕಲ್ ಎಲ್ಲಿದೆ ಎಂದು ಹುಡುಕಬೇಕು!

ಮಾವನ ಕಸುಬು ಜೀನ್ಸ್ ಪ್ಯಾಂಟಿಗೆ ಜಿಪ್ ಹಚ್ಚುವುದು. ಕೆಲಸದ ಜಾಗ ಮನೆಯಿಂದ ಎರಡೇ ಓಣಿ. ಅಷ್ಟಕ್ಕೆ ಹೆಲ್ಮೆಟ್ಟು, ಕೈಗವಸು ಬೇರೆ! ಒಮ್ಮೆ ಕಳ್ಳರು ಮುಟ್ಟಿದರೆ ಕೂಗುವ ಬೀಗ ತಂದ. ಮಧ್ಯಾಹ್ನ ಮೇಕೆಯೊಂದು ಬಂದು ಸೀಟಿಗೆ ಮೈ ಉಜ್ಜಿತು. ಬೀಗ ಕೂಗಿದ ಕೂಗಿಗೆ ಓಣಿಯೆಲ್ಲ ಹೊರಗೆ ಬಂತು. ಮೇಕೆ ಮಾತ್ರ ಕದಲಲಿಲ್ಲ.

"ಕಳ್ಳ ಸಿಕ್ಕನೇನ್ರಿ?" ಎಂದರು ಪಕ್ಕದ ಮನೆಯವರು.

"ಬೀಗ ಚಲೋ ಕೆಲ್ಸ ಮಾಡೈತ್ರಿ!" ಎಂದ ಮಾವ, ಎದೆಯುಬ್ಬಿಸಿ.

ಇಂಥ ಮನೆಗೆ ಒಂದು ಚಿಂತೆ ಬಂತು. ಅತ್ತೆ ಮನೆಯಲ್ಲೇ ಕೂತು ಹೊಲಿಯುತ್ತಿದ್ದ ಜೀನ್ಸ್ ಕೆಲಸ ನಿಂತುಹೋಯಿತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ಅವಳ ಅಕ್ಕ "ಇಬ್ರೂ ಬಂದುಬಿಡ್ರಿ" ಎಂದು ಕರೆಯುತ್ತಿದ್ದಳು. ಊರು ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಬೊಮ್ಮನಹಾಳ್ ರಸ್ತೆಯಲ್ಲಿ ಹೊಸದಾಗಿ ತೆರೆದ ಹೊಲಿಗೆ ಶೆಡ್ಡಿನಲ್ಲಿ ಅತ್ತೆಗೆ ಕೆಲಸವೇನೋ ಇತ್ತು. ಆದರೆ ಅದು ಊರಾಚೆ, ನಸುಕಿಗೇ ಹೋಗಬೇಕು; ಅಷ್ಟು ಬೆಳಿಗ್ಗೆ ಆಟೋ ಸಿಗದು, ಮಾವ ಬಿಟ್ಟುಬರೋಣವೆಂದರೆ ಅವನ ಕೆಲಸವೂ ಅದೇ ಹೊತ್ತಿಗೆ. ಉಳಿದದ್ದು ಒಂದೇ ದಾರಿ. ನಲವತ್ತು ದಾಟಿದ ನಮ್ಮ ಅತ್ತೆ ಸೈಕಲ್ ಕಲಿಯಬೇಕು!

"ಹೆದ್ರಬ್ಯಾಡ, ದಾರಿ ಎಲ್ಲಾ ಫೋನೇ ಹೇಳ್ತೈತಿ" ಎಂದ ಮಾವ. ಮದುವೆಯಾಗಿ ಬಂದಾಗಿನಿಂದ ಅವಳು ಓಡಾಡಿದ ಊರಿನ ದಾರಿ ಹೇಳಲು ಫೋನು! ಅದೂ ತೆಲುಗಿನಲ್ಲಿ. ತೆಲುಗಿನಲ್ಲಿ ಹೇಳಿದರೆ ಗತ್ತು ಹೆಚ್ಚಂತೆ.

ಅತ್ತೆ ಹ್ಯಾಂಡಲ್ಲನ್ನು ಬಿಗಿಹಿಡಿದು, ದೇವರನ್ನು ನೆನೆಯುತ್ತಾ ಹೊರಟಳು. ಮಾವ ಹಿಂದೆ ಓಡಿದ, ಅವನ ಹಿಂದೆ ನಾನು. ಸರ್ಕಲ್ ಬಂತು. ಫೋನು ಗತ್ತಿನಿಂದ "ಕುಡಿ..." ಎಂದು ಶುರು ಮಾಡಿತು. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಅತ್ತೆಗೆ ತೆಲುಗು ಬಾರದೇ? ಅಂಗಡಿಯವನ ಬೆವರಿಳಿಸುವಷ್ಟು ಬರುತ್ತದೆ! ಆದರೆ ಜೀವ ಕೈಯಲ್ಲಿ ಹಿಡಿದು ಕೂತಾಗ ಮನುಷ್ಯರಿಗೆ ತವರಿನ ಭಾಷೆಯೊಂದೇ ಕೇಳಿಸುವುದು. ಬಳ್ಳಾರಿ ಕಡೆಯ ಹೆಣ್ಣುಮಗಳು, ಕುಡಿ ಎಂದಿತಲ್ಲ ಎಂದು ಒಂದು ಕೈ ಬಿಟ್ಟು ನೀರಿನ ಬಾಟಲಿಗೆ ಬಾಗಿದಳು. ಸೈಕಲ್ಲು ನೇರವಾಗಿ ರಸ್ತೆ ಬದಿಯ ಜೀನ್ಸ್ ಚಿಂದಿಯ ಗುಡ್ಡೆಗೆ ನುಗ್ಗಿತು.

"ಯಾಕ ಕೈ ಬಿಟ್ಟಿ?" ಮಾವ ಏದುಸಿರು ಬಿಡುತ್ತಾ ಕೇಳಿದ.

"ನಿಮ್ಮ ಫೋನು ಕುಡಿ ಅಂತಲ್ರೀ!"

ನಾನು ನಕ್ಕೆ. ಅತ್ತೆ ನಗಲಿಲ್ಲ. ಸೀರೆಗೆ ಅಂಟಿದ ನೀಲಿ ಚೂರುಗಳನ್ನು ಕೊಡವಿಕೊಂಡು, "ಈ ಸಾಮಾನು ನೋಡಿದ್ರ ನಂಗ ತಲಿ ತಿರುಗ್ತೈತಿ. ನನ್ನ ಕೈಲಿ ಆಗಂಗಿಲ್ಲ. ಬೆಂಗ್ಳೂರಿಗೇ ಹೋಗೂಣ್ರಿ" ಎಂದಳು.

ಮಾವ ಸಂಜೆ ಸ್ಪ್ಯಾನರ್ ಹಿಡಿದು ಕೂತ. ಲೈಟು ಬಿಚ್ಚಿದ, ಪರದೆ ಬಿಚ್ಚಿದ, ಕನ್ನಡಿ ಬಿಚ್ಚಿದ. ಒಂದೊಂದನ್ನೂ ಒರೆಸಿ ಚೀಲಕ್ಕೆ ಹಾಕಿದ. ನನಗೆ ಪಾಪ ಎನಿಸಿತು. ಕೊನೆಗೆ ಸೈಕಲ್ಲನ್ನು ಅತ್ತೆಯ ಮುಂದೆ ನಿಲ್ಲಿಸಿ, "ಈಗ ಬರೇ ಸೈಕಲ್ ಐತಿ. ಹತ್ತು, ನಾ ಹಿಂದ ಇರ್ತೀನಿ" ಎಂದ.

ದಿನಾ ಬೆಳಿಗ್ಗೆ ಅವಳ ಹಿಂದೆ ಓಡಿದ. ಅವಳು ಕಲಿತಳು! ಕೆಲಸದ ಮೊದಲ ದಿನ ಸಂಜೆ ಒಬ್ಬಳೇ ತುಳಿದುಕೊಂಡು ಬಂದು ಬಾಗಿಲಲ್ಲಿ ಇಳಿದಳು. ಮುಖ ಕೆಂಪಾಗಿತ್ತು, ಬೆವರು ಸುರಿಯುತ್ತಿತ್ತು.

"ಅಕ್ಕಗ ಫೋನ್ ಮಾಡಿ ಹೇಳ್ರಿ, ನಾವು ಬರಂಗಿಲ್ಲ ಅಂತ."

ಮಾವ ಆ ಕಡೆ ತಿರುಗಿ ಕೂತ. ಗಾಳಿ ತುಂಬಿಯೇ ಇದ್ದ ಚಕ್ರಕ್ಕೆ ಪಂಪು ಹೊಡೆಯತೊಡಗಿದ.